ನನ್ನ ಎಡಗಾಲು ಹಿಡಿದುಕೊಂಡ ಚಪ್ಪಡಿಯವರಿಗೆ

ಇವರಿಂದ: ವನಜಾ, ಸಿಂಗಸಂದ್ರ, ಹೊಸೂರು ರಸ್ತೆ.

ಇವರಿಗೆ: ಶ್ರೀಮಾನ್ ಅಲ್ಲಾಡುವ ಚಪ್ಪಡಿ ಕಲ್ಲಿನವರು, ಹೂವಿನ ಅಂಜಿನಮ್ಮನವರ ಬುಟ್ಟಿಯ ಎಡಗಡೆ, ಕೋಟೆಯಿಂದ ಪೇಟೆಗೆ ಹೋಗುವ ಯಾವುದೋ ಒಂದು ಫುಟ್‌ಪಾತು, ಬೆಂಗಳೂರು.

ಮಾನ್ಯರೇ,

ತಮ್ಮ ಪಾದಗಳಿಗೆ ನಮಸ್ಕಾರವೆಂದು ಶುರುಮಾಡೋಣವೆಂದರೆ ತಮಗೆ ಪಾದಗಳಿಲ್ಲ, ಊರವರ ಪಾದಗಳೇ ತಮ್ಮ ತಲೆಯ ಮೇಲಿವೆ. ಆದ್ದರಿಂದ ತಮ್ಮ ನಾಲ್ಕೂ ಮೂಲೆಗಳಿಗೆ, ಅದರಲ್ಲೂ ಯಾರ ಆಸರೆಯನ್ನೂ ಬೇಡದೆ ಗಾಳಿಯಲ್ಲಿ ನಿಂತಿರುವ ಆ ನಾಲ್ಕನೆಯ ಮೂಲೆಗೆ, ನನ್ನ ವಿನಯಪೂರ್ವಕ ನಮಸ್ಕಾರಗಳು. ತಮ್ಮ ಕೆಳಗೆ ಹರಿಯುವ ಮೋರಿಯವರೂ, ತಮ್ಮನ್ನು ಒರಗಿಕೊಂಡು ನಿಂತ ಕರೆಂಟು ಕಂಬದವರೂ, ಅಕ್ಕಪಕ್ಕದಲ್ಲಿ ಒಂದೊಂದು ದಿಕ್ಕಿಗೆ ಮುಖ ಮಾಡಿ ಮಲಗಿರುವ ತಮ್ಮ ಅಣ್ಣತಮ್ಮಂದಿರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವು ಕ್ಷೇಮ, ಕಾಲಿನ ಊತ ಇಳಿದಿದೆ.

ಈ ಪತ್ರವನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಕಳಿಸುವುದೇ ಮರ್ಯಾದೆಯಾಗಿತ್ತು. ಆದರೆ ತಮ್ಮ ವಿಳಾಸಕ್ಕೆ ಅಂಚೆಯವರನ್ನು ಕಳಿಸಿದರೆ ಅವರೂ ತಮ್ಮಲ್ಲೇ ಉಳಿದುಬಿಟ್ಟಾರೆಂಬ ಭಯದಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ. ಇದಕ್ಕೂ ಮೊದಲು ತಮ್ಮ ಮೇಲೆ ದೂರು ಕೊಡಲು ಯಾರನ್ನು ಕಾಣಬೇಕೆಂದು ಅಲ್ಲಿ ಇಲ್ಲಿ ಫೋನು ಮಾಡಿ ವಿಚಾರಿಸಿದ್ದುಂಟು. ಒಬ್ಬರು ಮೋರಿ ನಮ್ಮದು, ಕಲ್ಲು ನಮ್ಮದಲ್ಲ ಎಂದರು, ಇನ್ನೊಬ್ಬರು ಕಲ್ಲು ನಮ್ಮದೇ, ಅದರ ಅಲ್ಲಾಟ ಮಾತ್ರ ನಮ್ಮದಲ್ಲ ಎಂದರು, ಮೂರನೆಯವರು ಬಹಳ ಒಳ್ಳೆಯವರು, "ಮೇಡಂ, ಕಾಲು ವಾಪಸ್ ಬಂತಲ್ಲ, ಇನ್ನೇನ್ ಬೇಕು ನಿಮ್ಗೆ?" ಎಂದು ಕೇಳಿದರು. ನನಗೇನು ಬೇಕೆಂಬುದು ಅವರಿಗೆ ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ, ಆದ್ದರಿಂದ ನೇರವಾಗಿ ತಮ್ಮಲ್ಲಿಗೇ ಬಂದಿದ್ದೇನೆ.

ದಿನಕ್ಕೆ ಅಷ್ಟೊಂದು ಕಾಲುಗಳನ್ನು ಕಾಣುವ ತಮಗೆ ನನ್ನ ಕಾಲು ನೆನಪಿರಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಎಲೆಹಸಿರು ಬಣ್ಣದ ಮೈಸೂರು ಸಿಲ್ಕು, ಭುಜಕ್ಕೆ ಉಬ್ಬಿದ ವ್ಯಾನಿಟಿ ಬ್ಯಾಗು, ಮಗಳು ಆರಿಸಿಕೊಟ್ಟ ಹೊಸ ಚಪ್ಪಲಿ, ಮುಂದೆ ಬಿಳಿ ಅಂಗಿಯ ಒಂದು ಬೆನ್ನು. ಆ ಬೆನ್ನಿನ ಹಿಂದೆ ಬರುತ್ತಿದ್ದವಳೇ ನಾನು. ತಮ್ಮ ಮೇಲಿನ ದೂರು ಅರ್ಥವಾಗಬೇಕಾದರೆ ಮೊದಲು ಆ ಬೆನ್ನಿನ ವಿಷಯ ತಾವು ತಿಳಿಯಬೇಕು.

ನಾನು ಮದುವೆಯಾಗಿ ಸರ್ಜಾಪುರದಿಂದ ಸಿಂಗಸಂದ್ರಕ್ಕೆ ಬಂದಾಗ ಇಲ್ಲಿ ರಸ್ತೆ ಎಂದರೆ ಹೊಸೂರು ರಸ್ತೆ ಒಂದೇ, ಮಿಕ್ಕಿದ್ದೆಲ್ಲ ಹೊಲದ ಬದು. ಬದುವಿನ ಮೇಲೆ ಇಬ್ಬರು ಅಕ್ಕಪಕ್ಕ ನಡೆಯುವುದು ದೇವರಾಣೆಗೂ ಆಗದ ಕೆಲಸ. ಹುಲ್ಲಿನಲ್ಲಿ ಹುಳಹುಪ್ಪಟೆ ಇದ್ದರೆ ಮೊದಲು ತಮಗೇ ಸಿಗಲೆಂದು ನಮ್ಮ ಯಜಮಾನರು ಮುಂದೆ, ಸೀರೆ ಎತ್ತಿ ಹಿಡಿದು ನಾನು ಹಿಂದೆ; ಅದು ಪ್ರೀತಿಯೇ, ಅಲ್ಲವೆನ್ನಲಾರೆ. ಆದರೆ ಆಮೇಲೆ ರಾಗಿ ಹೊಲ ಸೈಟಾಯಿತು, ಸೈಟು ಬಿಲ್ಡಿಂಗಾಯಿತು, ಬದು ಇದ್ದ ಕಡೆ ಎರಡು ಲಾರಿ ಎದುರುಬದುರಾಗಿ ಹೋಗುವಂಥ ರಸ್ತೆ ಬಂತು, ನಮ್ಮ ಯಜಮಾನರ ನಡಿಗೆ ಮಾತ್ರ ಬದುವಿನಿಂದ ಇಳಿಯಲೇ ಇಲ್ಲ. ಮದುವೆ ಮನೆಗೆ ಹೋದರೂ ಅವರು ಮುಂದೆ, ಆಸ್ಪತ್ರೆಗೆ ಹೋದರೂ ಅವರು ಮುಂದೆ; ಮಂಡಿನೋವು ನನ್ನದಾದರೂ ಡಾಕ್ಟರ ಎದುರಿನ ಕುರ್ಚಿಯಲ್ಲಿ ಮೊದಲು ಕುಳಿತವರು ಅವರೇ. ಹೀಗೆ ನಾನು ಒಂದು ಬೆನ್ನಿನ ಜೊತೆ ಸಂಸಾರ ಮಾಡಿದವಳು. ಅವರ ಬಲಗಿವಿಯ ಹಿಂದೆ ಒಂದು ಮಚ್ಚೆ ಇದೆ, ಅದು ಅವರಿಗೇ ಗೊತ್ತಿಲ್ಲ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹಿಡಿಯುವಂತಿಲ್ಲ. ಹಿಡಿದಷ್ಟೂ ಗಂಡನ ಆಯುಸ್ಸು ಸವೆಯುತ್ತದೆಂದು ನಮ್ಮತ್ತೆ ಮೊದಲ ವಾರದಲ್ಲೇ ಕಿವಿಮಾತು ಹೇಳಿದ್ದರು. ಮದುವೆಯ ದಿನ ಹೊಸಿಲು ದಾಟುವ ಮುಂಚೆ ಒಂದೇ ಒಂದು ಸಲ ಹೇಳಲು ಅನುಮತಿ ಇತ್ತು, ಆಗಲೂ ನಾನು ನಾಚಿ ತುಟಿಯನ್ನಷ್ಟೇ ಅಲ್ಲಾಡಿಸಿದೆ. ಬಾಗಿಲು ಅಡ್ಡಗಟ್ಟಿದ್ದ ನಾದಿನಿಯೇ ಕೊನೆಗೆ ಬೇಸತ್ತು ನನ್ನ ಪರವಾಗಿ ತಾನೇ ಹೆಸರು ಹೇಳಿ ಒಳಗೆ ಬಿಟ್ಟಳು. ಅಂದಿನಿಂದ ಅವರು ನನಗೆ "ರೀ", ದೂರದಲ್ಲಿದ್ದರೆ "ಏನೂಂದ್ರೆ", ಸಿಟ್ಟು ಬಂದಿದ್ದರೆ "ಇಲ್ನೋಡಿ". ಯಾವ ಕಚೇರಿಯಲ್ಲಾದರೂ ಗಂಡನ ಹೆಸರೇನೆಂದು ಕೇಳಿದರೆ ಬಾಯಿ ಬಿಡದೆ ಆಧಾರ್ ಕಾರ್ಡನ್ನು ಮುಂದೆ ತಳ್ಳುತ್ತೇನೆ. ಬರೆಯಬಾರದೆಂದು ಅತ್ತೆ ಹೇಳಿರಲಿಲ್ಲ, ಅವರಿಗೆ ಓದು ಬರುತ್ತಿರಲಿಲ್ಲ. ಆ ಧೈರ್ಯದ ಮೇಲೆ ಇಲ್ಲಿ ಬರೆಯುತ್ತೇನೆ, ನಮ್ಮ ಯಜಮಾನರ ಹೆಸರು ಶ್ಯಾಮಣ್ಣ.

ಈಗ ನಮ್ಮ ಪ್ರವಾಸದ ವಿಷಯ. ನಮ್ಮ ಮೇಲಿನ ಮನೆಯಲ್ಲಿ ಲಿಖಿತ್ ಎಂಬ ಹುಡುಗನೂ ಅವನ ಹೆಂಡತಿಯೂ ಬಾಡಿಗೆಗಿದ್ದಾರೆ. ಇಬ್ಬರಿಗೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಭಾನುವಾರ ಬಂತೆಂದರೆ ಇಬ್ಬರೂ ಬೆಳಿಗ್ಗೆಯೇ ಎದ್ದು, ಕೈಗೆ ಕೈ ಹೆಣೆದುಕೊಂಡು, ಹಳೆಯ ಊರು ನೋಡುವುದಕ್ಕೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. "ಹೆರಿಟೇಜ್ ವಾಕ್ ಆಂಟಿ, ಸಕ್ಕತ್ತಾಗಿತ್ತು" ಎಂದು ಆ ಹುಡುಗಿ ಮೆಟ್ಟಿಲ ಮೇಲೆ ನಿಂತು ಹೇಳುವಾಗ ನಾನು ನೋಡುತ್ತಿದ್ದುದು ಅವಳ ಮುಖವನ್ನಲ್ಲ, ಆ ಹೆಣೆದ ಕೈಗಳನ್ನು. ಮೆಟ್ಟಿಲು ಹತ್ತುವಾಗಲೂ ಬಿಡುವುದಿಲ್ಲವಲ್ಲ, ಬಿದ್ದಾರು ಎಂದುಕೊಂಡೆ. ಹಾಗೆಂದುಕೊಂಡದ್ದು ಹೊಟ್ಟೆಕಿಚ್ಚಿನಿಂದ ಎಂಬುದನ್ನು ಕಲ್ಲಿನಂಥ ಮನಸ್ಸುಳ್ಳ ತಮ್ಮ ಮುಂದೆ ಮುಚ್ಚಿಡುವುದೇನಿದೆ.

ಆ ರಾತ್ರಿ ಊಟಕ್ಕೆ ಬಡಿಸುತ್ತ ಕೇಳಿದೆ. ಒಂದು ದಿನ, ಒಂದೇ ದಿನ, ನಾವಿಬ್ಬರೂ ಕೋಟೆ, ಅರಮನೆ, ಪೇಟೆ ಎಲ್ಲ ನಡೆದುಕೊಂಡು ನೋಡಿ ಬರೋಣ. ಒಂದೇ ಷರತ್ತು, ಅಕ್ಕಪಕ್ಕ ನಡೆಯಬೇಕು. ಯಜಮಾನರು ಮುದ್ದೆ ಮುರಿಯುವುದನ್ನು ನಿಲ್ಲಿಸಿ, "ಪೇಟೇನಾಗೆ ನೋಡಾಕೇನೈತೆ? ಪಂಪ್‌ಸೆಟ್ ಸಾಮಾನು ತರಾಕೆ ನಾನು ಓಗ್ತಾನೇ ಇರ್ಲಿಲ್ವಾ?" ಎಂದರು. ನಾನು ಸಾರಿನ ಸೌಟನ್ನು ಪಾತ್ರೆಗೆ ವಾಪಸು ಇಳಿಸಿದೆ. ಅದನ್ನು ನೋಡಿ ಅವರು, "ಆಯ್ತು ಕಣೇ, ಓಗಾನ, ಪಕ್ಕದಾಗೇ ನಡೀತೀನಿ, ಸಾರಾಕು" ಎಂದು ಒಪ್ಪಿಕೊಂಡರು.

ಹೀಗೆ ಒಂದು ಶನಿವಾರ ನಾವು ನಮ್ಮೂರಿನ ಮೆಟ್ರೋ ಹತ್ತಿ, ನಡುವೆ ಒಂದು ಕಡೆ ಬದಲಾಯಿಸಿ, ಮಾರ್ಕೆಟ್ಟಿನ ಹತ್ತಿರ ಮೇಲೆ ಬಂದೆವು. ಬರುವಾಗ ರೈಲಿನಲ್ಲಿ ಅಕ್ಕಪಕ್ಕವೇ ಕುಳಿತಿದ್ದೆವು, ಅದಕ್ಕೆ ಬೇರೆ ದಾರಿ ಇರಲಿಲ್ಲ. ಮಾರ್ಕೆಟ್ಟಿನಲ್ಲಿ ಜೇಬು ಕತ್ತರಿಸುತ್ತಾರೆಂದು ಅವರ ಫೋನು, ಕನ್ನಡಕದ ಡಬ್ಬಿ, ಬಾಚಣಿಗೆ ಎಲ್ಲವೂ ನನ್ನ ಬ್ಯಾಗು ಸೇರಿದವು. ಕಳ್ಳರು ಹೆಂಗಸರ ಬ್ಯಾಗಿನ ಮೇಲೆ ಕಣ್ಣು ಹಾಕುವುದಿಲ್ಲವೆಂದು ಅವರಿಗೆ ಯಾರು ಹೇಳಿದ್ದರೋ ಕಾಣೆ. ಹೊರಗೆ ಬಿಸಿಲಿಗೆ ಬಂದು ನಿಂತಾಗ ಅವರು ಕೊಟ್ಟ ಮಾತಿನಂತೆ ನನ್ನ ಬಲಕ್ಕೆ ಬಂದು ನಿಂತರು. ನನಗೆ ಎಷ್ಟು ಸಂಕೋಚವಾಯಿತೆಂದರೆ, ಯಾರೋ ಹೊಸಬರ ಜೊತೆ ಹೊರಟ ಹಾಗೆ ಸೆರಗು ಸರಿಮಾಡಿಕೊಂಡೆ.

ಇಲ್ಲಿಂದ ಮುಂದಿನದಕ್ಕೆ ತಮ್ಮ ಬಂಧುಬಳಗವೇ ಜವಾಬ್ದಾರಿ, ಮಾನ್ಯರೇ. ನಾಲ್ಕು ಹೆಜ್ಜೆಗೆ ಒಂದು ಟ್ರಾನ್ಸ್‌ಫಾರ್ಮರ್ ಫುಟ್‌ಪಾತಿನ ನಟ್ಟನಡುವೆ ಪಟ್ಟಕ್ಕೆ ಕೂತಿತ್ತು. ಅದನ್ನು ಬಳಸಲು ಅವರು ಮುಂದಾದರು, ನಾನು ಹಿಂದಾದೆ. ಮತ್ತೆ ಪಕ್ಕಕ್ಕೆ ಬರುವಷ್ಟರಲ್ಲಿ ಎಳನೀರಿನ ರಾಶಿ, ಅದು ದಾಟಿದರೆ ಸಾಲಾಗಿ ನಿಂತ ಸ್ಕೂಟರುಗಳು, ಆಮೇಲೆ ಕಿತ್ತು ನಿಲ್ಲಿಸಿದ ತಮ್ಮ ಜಾತಿಯವರೇ ಎಂಟು ಹತ್ತು ಜನ ಗೋಡೆಗೆ ಒರಗಿ ವಿಶ್ರಾಂತಿಯಲ್ಲಿದ್ದರು. ಹೀಗೆ ತಾವೆಲ್ಲ ಸೇರಿ, ನಗರದ ನಡುಮಧ್ಯದಲ್ಲಿ, ನಮ್ಮ ಹಳೆಯ ಬದುವನ್ನೇ ಅಚ್ಚುಕಟ್ಟಾಗಿ ಕಟ್ಟಿಕೊಟ್ಟಿರಿ. ಯಜಮಾನರಿಗೆ ತವರಿಗೆ ಬಂದಷ್ಟು ಸಂತೋಷವಾಯಿತು, ಒಂದು ಸಲ ಮುಂದಾದವರು ಆಮೇಲೆ ಪಕ್ಕಕ್ಕೆ ಬರಲೇ ಇಲ್ಲ.

ಕೋಟೆ ನೋಡಿದೆವು, ಅಂದರೆ ಕೋಟೆಯನ್ನು ಅವರು ನೋಡಿದರು, ಕೋಟೆಯ ಮುಂದಿನ ಅವರನ್ನು ನಾನು ನೋಡಿದೆ. ಅಲ್ಲಿ ಒಬ್ಬ ಗೈಡು ಹತ್ತಿರ ಬಂದರೆ, "ನಮ್ಗ್ಯಾಕಪ್ಪಾ ಗೈಡು, ನಾವೇನು ಅಮೇರಿಕಾದಿಂದ ಬಂದಿದೀವಾ?" ಎಂದು ಕಳಿಸಿಬಿಟ್ಟು, ತಾವೇ ಶುರುಮಾಡಿದರು. ಅವರ ಇತಿಹಾಸವೆಲ್ಲ ಅವರಪ್ಪ ಗಾಡಿ ಕಟ್ಟಿಕೊಂಡು ಪೇಟೆಗೆ ಬರುತ್ತಿದ್ದ ಕಾಲದ್ದು. "ನೋಡು, ಇಲ್ಲೇ ನಮ್ಮಪ್ಪ ಗಾಡಿ ಬಿಡ್ತಿದ್ದುದ್ದು. ಎತ್ತಿಗೆ ಅಲ್ಲಿ ನೀರು. ಟಿಪ್ಪೂನ ಕುದುರೆಗೂ ಅದೇ ನೀರೇ ಇರ್ಬೇಕು, ಇನ್ನೆಲ್ಲಿಂದ ತತ್ತಾರೆ?" ಎಂದು ಕೈ ಎತ್ತಿ ತೋರಿಸುತ್ತ, ತಿರುಗಿ ನೋಡದೆ, ನಾನು ಹಿಂದೆ ಇದ್ದೇನೆಂಬ ಪೂರ್ತಿ ನಂಬಿಕೆಯಲ್ಲಿ ಹೇಳುತ್ತ ಹೋದರು. ಬೇಸಿಗೆ ಅರಮನೆಯ ಮರದ ಕಂಬಗಳ ನಡುವೆ ನಿಂತು ಒಬ್ಬ ಹುಡುಗಿಯ ಕೈಲಿ ಫೋಟೊ ತೆಗೆಸಿಕೊಂಡೆವು. ಅವಳು "ಒನ್, ಟೂ" ಎನ್ನುವಷ್ಟರಲ್ಲಿ ಅವರು ಒಂದು ಹೆಜ್ಜೆ ಮುಂದೆ ಹೋಗಿದ್ದರಿಂದ ಫೋಟೊದಲ್ಲಿ ಯಜಮಾನರೂ, ಒಂದು ಕಂಬವೂ, ನನ್ನ ಸೆರಗಿನ ತುದಿಯೂ ಬಹಳ ಚೆನ್ನಾಗಿ ಬಂದಿವೆ.

ಊಟಕ್ಕೆ ಒಂದು ದರ್ಶಿನಿ ಹೋಟೆಲಿಗೆ ಹೋದೆವು. ಅಲ್ಲಿ ಎದೆಮಟ್ಟದ ದುಂಡನೆಯ ಮೇಜಿನ ಸುತ್ತ ನಿಂತು ತಿನ್ನಬೇಕು, ದುಂಡನೆಯ ಮೇಜಿಗೆ ಹಿಂದೆ ಮುಂದೆ ಎಂಬುದಿಲ್ಲ. ಬಿಸಿಬೇಳೆಬಾತು ತಿನ್ನುತ್ತ ಅವರ ಮುಖವನ್ನು ಹಗಲು ಬೆಳಕಿನಲ್ಲಿ ನಿಧಾನವಾಗಿ ನೋಡಿದೆ. ಎಡಗಡೆಯ ಹುಬ್ಬಿನಲ್ಲಿ ಒಂದು ಕೂದಲು ಉಳಿದವಕ್ಕಿಂತ ಉದ್ದ ಬೆಳೆದು ಮೇಲಕ್ಕೆ ತಿರುಗಿದೆ, ಮೀಸೆ ಒಂದು ಕಡೆ ತುಸು ಹೆಚ್ಚು ಕತ್ತರಿಸಿದೆ. "ಏನಂಗ್ ನೋಡ್ತೀಯಾ, ಬಾತು ಮೆತ್ಕೊಂಡೈತಾ?" ಎಂದು ಬಾಯಿ ಒರೆಸಿಕೊಂಡರು. ಏನೂ ಇಲ್ಲವೆಂದೆ. ಕಾಫಿ ಮುಗಿದ ಕೂಡಲೇ ಅವರು ಲೋಟವಿಟ್ಟು ಹೊರಟರು, ನನಗೆ ಮತ್ತೆ ಬೆನ್ನು ಸಿಕ್ಕಿತು.

ಪೇಟೆಯ ಕಡೆ ತಿರುಗುವ ಹೊತ್ತಿಗೆ ಜನವೋ ಜನ. ಆ ರಸ್ತೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಹೇಳಿದರೆ ತಮ್ಮನ್ನು ಯಾರಾದರೂ ಹುಡುಕಿಕೊಂಡು ಬಂದು ಸರಿಮಾಡಿಬಿಟ್ಟಾರು. ಹೂವಿನ ಬುಟ್ಟಿ ಇಟ್ಟುಕೊಂಡು ಕುಳಿತ ಒಬ್ಬ ಅಜ್ಜಿಯ ಪಕ್ಕದಲ್ಲಿ, ಏನೂ ಅರಿಯದವರಂತೆ, ಸಾಧುವಾಗಿ ತಾವು ಮಲಗಿದ್ದಿರಿ. ಯಜಮಾನರು ತಮ್ಮನ್ನು ದಾಟಿ ಹೋದರು, ತಾವು ಕಮಕ್ ಕಿಮಕ್ ಎನ್ನಲಿಲ್ಲ. ಗಂಡಸರೆಂದರೆ ತಮಗೂ ಗೌರವ. ಹಿಂದೆ ನಾನು ಎಡಗಾಲಿಟ್ಟೆ. ತಾವು ಮೊದಲು ಒಂದು ಕಡೆ ಬಾಗಿ ಬರಮಾಡಿಕೊಂಡಿರಿ, ಆಮೇಲೆ ಇನ್ನೊಂದು ಕಡೆ ಎದ್ದಿರಿ, ನನ್ನ ಕಾಲು ಗಿಣ್ಣಿನವರೆಗೆ ಸಂದಿಯೊಳಗೆ ಇಳಿಯಿತು, ಚಪ್ಪಲಿ ಇನ್ನೂ ಕೆಳಗೆ ಮೋರಿಗೆ ಹೋಯಿತು, ತಾವು ಯಥಾಸ್ಥಾನಕ್ಕೆ ಬಂದು ಕುಳಿತಿರಿ. ನಿಜ ಹೇಳುತ್ತೇನೆ, ನನ್ನನ್ನು ಅಷ್ಟು ಗಟ್ಟಿಯಾಗಿ ಅಲ್ಲಿಯವರೆಗೆ ಯಾರೂ ಹಿಡಿದುಕೊಂಡಿರಲಿಲ್ಲ.

"ರೀ!" ಎಂದು ಕೂಗಿದೆ. ಪಾತ್ರೆ ಅಂಗಡಿಯ ಮುಂದೆ ನಿಂತಿದ್ದ ಒಬ್ಬ ಗಂಡಸು ತಿರುಗಿದ. ಎದುರುಗಡೆ ಚೀಲ ಹೊತ್ತಿದ್ದವನು ತಿರುಗಿದ. ಸ್ಕೂಟರಿನ ಮೇಲೆ ಹೆಲ್ಮೆಟ್ ಹಾಕಿಕೊಂಡಿದ್ದವನು, ಅವನ ಹೆಂಡತಿ ಹಿಂದೆಯೇ ಕೂತಿದ್ದರೂ, ಅಭ್ಯಾಸ ಬಲದಿಂದ ತಿರುಗಿದ. ಇಡೀ ರಸ್ತೆಯಲ್ಲಿ ಮದುವೆಯಾದವರೆಲ್ಲ ತಿರುಗಿ ನನ್ನನ್ನು ನೋಡಿದರು, ನನ್ನವರೊಬ್ಬರನ್ನು ಬಿಟ್ಟು. ಇನ್ನೂ ಜೋರಾಗಿ "ಏನೂಂದ್ರೆ!" ಎಂದೆ, ಅದಕ್ಕೂ ಇಬ್ಬರು ಸಿಕ್ಕಿದರು. ಫೋನು ಮಾಡೋಣವೆಂದು ಗುಂಡಿ ಒತ್ತಿದರೆ ನನ್ನ ಹೆಗಲ ಮೇಲಿನ ಬ್ಯಾಗೇ ಹಾಡತೊಡಗಿತು.

ದೂರದಲ್ಲಿ ಅವರ ನರೆತ ತಲೆ ಕಾಣುತ್ತಿತ್ತು. ಒಂದು ಹಳೆಯ ಮಹಡಿಯ ಮರದ ಕಟಕಟೆಯತ್ತ ಕೈ ತೋರಿಸಿ ಏನೋ ವಿವರಿಸುತ್ತಿದ್ದರು, ಅವರ ಹಿಂದೆ ನಾನಿರಬೇಕಾದ ಜಾಗದಲ್ಲಿ ಕೆಂಪು ಸೀರೆಯ ಇನ್ನೊಬ್ಬ ಹೆಂಗಸು ತಲೆಯಾಡಿಸುತ್ತ ನಡೆಯುತ್ತಿದ್ದಳು, ಅವಳ ಪಕ್ಕದಲ್ಲಿ ಅವಳ ಗಂಡನೂ ತಲೆಯಾಡಿಸುತ್ತಿದ್ದ. ಪಕ್ಕಪಕ್ಕದಲ್ಲಿ, ಮಾನ್ಯರೇ! ಹೇಗೋ ಏನೋ, ಆ ಇಕ್ಕಟ್ಟಿನಲ್ಲೂ ಅವರಿಬ್ಬರೂ ಪಕ್ಕಪಕ್ಕದಲ್ಲೇ ಇದ್ದರು. ನಮ್ಮ ಮಾವನವರ ಎತ್ತುಗಳ ಕಥೆ ಕೇಳಿಸಿಕೊಳ್ಳಲು ಅವರಿಗೆ ಬೇರೆ ಹೆಂಗಸು ಸಿಕ್ಕಿದ್ದಳು, ಅದು ಬೇರೆ ಹೆಂಗಸೆಂದು ಅವರಿಗೆ ಗೊತ್ತೇ ಇರಲಿಲ್ಲ.

ಆಗ ನನಗೆ ನಗು ಬರಬೇಕಿತ್ತು, ಈಗ ಬರುತ್ತದೆ. ಆಗ ಬಂದದ್ದು ಅಳು. ಕಾಲು ನೋವಿಗಲ್ಲ, ಹಿಂದೆ ಯಾವುದೋ ಒಂದು ಸೀರೆಯ ಸದ್ದು ಬರುತ್ತಿದ್ದರೆ ಅವರಿಗೆ ಸಾಕಲ್ಲ, ಅದು ನಾನೇ ಆಗಬೇಕೆಂದೇನೂ ಇಲ್ಲವಲ್ಲ ಎಂದು. ಇವತ್ತು ಇವರು ತಿರುಗಿ ನೋಡದೆ ಹೋದರೆ ನಾನು ಇನ್ನು ಹಿಂದೆ ನಡೆಯಲಾರೆ, ಇಲ್ಲೇ ಈ ಕಲ್ಲಿನ ಜೊತೆ ಇದ್ದುಬಿಡುತ್ತೇನೆ ಎಂದು ನಿಜವಾಗಿಯೂ ಅಂದುಕೊಂಡೆ.

ಹೂವಿನ ಅಜ್ಜಿ, ಅವರ ಹೆಸರು ಅಂಜಿನಮ್ಮ ಎಂದು ಆಮೇಲೆ ತಿಳಿಯಿತು, ಕಟ್ಟುತ್ತಿದ್ದ ಮಲ್ಲಿಗೆಯನ್ನು ಕೆಳಗಿಡದೆಯೇ ಹೇಳಿದರು: "ರೀ ಅಂದ್ರೆ ಊರೋರ ಗಂಡುಸ್ರೆಲ್ಲ ತಿರುಗ್ತಾರೆ ಕಣವ್ವ. ಎಸ್ರು ಇಡ್ದು ಕೂಗು." ಹೆಸರು ಹಿಡಿಯಬಾರದಲ್ಲ ಅಜ್ಜಿ ಎಂದೆ. "ಅಂಗಾದ್ರೆ ಇಲ್ಲೇ ಇರು, ನಂಗೂ ಜೊತೆ ಆಯ್ತದೆ. ಸಂಜೀಕೆ ಮಳೆ ಐತೆ, ನೋಡ್ಕೊ" ಎಂದು ಮತ್ತೆ ಹೂವು ಕಟ್ಟತೊಡಗಿದರು.

ಕೂಗುವುದೆಂದರೆ ಏನೆಂದು ಕೂಗಲಿ? ಹೆಸರಿನ ತುದಿಯಲ್ಲೊಂದು ಅಣ್ಣ ಇದ್ದಾನೆ. ಪೂರ್ತಿ ಕೂಗಿದರೆ ರಸ್ತೆಯ ಜನ ಅವರನ್ನು ನನ್ನ ಒಡಹುಟ್ಟಿದವರೆಂದುಕೊಂಡಾರು. ನಮ್ಮತ್ತೆ ಕರೆಯುತ್ತಿದ್ದುದು ನೆನಪಾಯಿತು. ಸಂಜೆ ಹೊತ್ತು ಹಟ್ಟಿಯ ಬಾಗಿಲಲ್ಲಿ ನಿಂತು, ಹೊಲದ ಆಚೆ ಬದಿಗೆ ಕೇಳುವ ಹಾಗೆ, ಎರಡೇ ಅಕ್ಷರ, ಎರಡನೆಯದನ್ನು ಎಳೆದು. ಆಯುಸ್ಸು ಕಡಿಮೆಯಾಗುವುದಾದರೆ ನನ್ನದರಲ್ಲಿ ಒಂದಿಷ್ಟು ಅವರಿಗೆ ಹಾಕಿಬಿಡಪ್ಪ ಎಂದು ಕೋಟೆಯ ವೆಂಕಟರಮಣನಿಗೆ ಅಲ್ಲಿಂದಲೇ ಕೈ ಮುಗಿದು, ಕಣ್ಣು ಮುಚ್ಚಿ, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದೆ: "ಶಾಮಾ!"

ಕಣ್ಣು ಬಿಟ್ಟಾಗ ಅವರು ನಿಂತಿದ್ದರು. ಎತ್ತಿದ ಕೈ ಹಾಗೆಯೇ ಇತ್ತು. ಅವರು ಮೊದಲು ನನ್ನ ಕಡೆ ನೋಡಲಿಲ್ಲ, ಮಹಡಿಗಳ ಕಡೆ, ಆಕಾಶದ ಕಡೆ ನೋಡಿದರು. ಆಮೇಲೆ ತಿರುಗಿದರು. ಹಿಂದಿದ್ದ ಕೆಂಪು ಸೀರೆಯನ್ನು ನೋಡಿ ಬೆಚ್ಚಿಬಿದ್ದರು, ಅದರಾಚೆ ಗುಂಪಿನ ಮೇಲಿಂದ ನನ್ನನ್ನು ಹುಡುಕಿದರು, ಕಂಡೊಡನೆ ಓಡಿಬಂದರು. ನಮ್ಮ ಯಜಮಾನರು ಓಡಿದ್ದನ್ನು ನಾನು ಅದೇ ಮೊದಲು ಎದುರಿನಿಂದ ಕಂಡದ್ದು, ಹೊಟ್ಟೆ ಅಷ್ಟು ಕುಲುಕುತ್ತದೆಂದು ಗೊತ್ತಿರಲಿಲ್ಲ.

ಅವರ ಹಿಂದೆಯೇ ಆ ಗಂಡಹೆಂಡತಿಯೂ ಬಂದರು. ಅವರು ದಾವಣಗೆರೆ ಕಡೆಯವರು, ಆತನ ಹೆಸರು ಭರಮಪ್ಪ. ಇಬ್ಬರು ಗಂಡಸರೂ ಮಂಡಿಯೂರಿ ತಮ್ಮ ಎರಡು ಮೂಲೆ ಹಿಡಿದು ಎತ್ತಿದರು, ಅಂಜಿನಮ್ಮ ನನ್ನ ಕಂಕುಳಿಗೆ ಕೈಕೊಟ್ಟರು, ತಾವು ಕೊಂಚ ಗೊಣಗಿ ನನ್ನ ಕಾಲನ್ನು ಬಿಟ್ಟುಕೊಟ್ಟಿರಿ. ಯಜಮಾನರು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೋರಿಯ ಕೆಸರನ್ನು ತಮ್ಮ ಬಿಳಿ ಪಂಚೆಯಿಂದ ಒರೆಸಿದರು, ನಡುರಸ್ತೆಯಲ್ಲಿ, ಜನ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ. ಭರಮಪ್ಪ ಹೋಗುವ ಮುಂಚೆ, "ನಿಮ್ಮನ್ನ ಗೈಡ್ ಅಂತ ತಿಳ್ಕಂಡಿದ್ವಿ ಸಾರ್. ಟಿಪ್ಪು ಬಗ್ಗೆ ಜಾಸ್ತಿ ಏನೂ ಹೇಳ್ಲಿಲ್ಲ, ಬರೀ ನಿಮ್ಮಪ್ಪಾರ ಎತ್ತಿನ ಬಗ್ಗೆ ಹೇಳಿದ್ರಿ. ಆದ್ರೂ ಚೆನ್ನಾಗಿತ್ತು" ಎಂದು ಕೈ ಮುಗಿದರು.

ನನ್ನ ಎಡಗಾಲಿನ ಚಪ್ಪಲಿ ತಮ್ಮ ಹೊಟ್ಟೆ ಸೇರಿತ್ತಲ್ಲ, ಯಜಮಾನರು ತಮ್ಮದೇ ಎಡಗಾಲಿನ ಚಪ್ಪಲಿ ಬಿಚ್ಚಿ ನನಗೆ ತೊಡಿಸಿದರು. ಅದು ನನಗೆ ದೋಣಿಯಷ್ಟಾಯಿತು. ನನ್ನದೊಂದು ಅವರದೊಂದು ಹಾಕಿಕೊಂಡು ನಾನು, ಒಂದೇ ಚಪ್ಪಲಿಯಲ್ಲಿ ಅವರು, ಒಬ್ಬರನ್ನೊಬ್ಬರು ಹಿಡಿದುಕೊಳ್ಳದೆ ಒಂದು ಹೆಜ್ಜೆಯೂ ಇಡುವಂತಿರಲಿಲ್ಲ. ಫುಟ್‌ಪಾತಿನ ಮೇಲೆ ಇಬ್ಬರಿಗೆ ಜಾಗವಿರಲಿಲ್ಲ, ಆದ್ದರಿಂದ ರಸ್ತೆಗೆ ಇಳಿದೆವು. ಕೈಗೆ ಕೈ ಹೆಣೆದದ್ದಲ್ಲ, ಅವರ ತೋಳಿಗೆ ನಾನು ಜೋತುಬಿದ್ದದ್ದು, ಆದರೂ ಅಕ್ಕಪಕ್ಕ. ಹಿಂದೆ ಆಟೊಗಳು ಹಾರನ್ ಮೇಲೆ ಹಾರನ್ ಹೊಡೆದವು. ಒಬ್ಬ ಆಟೊದವನು ತಲೆ ಹೊರಗೆ ಹಾಕಿ, "ಏನಣ್ಣ, ಮೆರವಣಿಗೇನಾ?" ಎಂದು ಕೇಳಿದ. ಯಾರ ಹಾರನ್ನಿಗೂ ಪಕ್ಕಕ್ಕೆ ಸರಿದು ದಾರಿ ಬಿಡುವ ನಮ್ಮ ಯಜಮಾನರು ಆವತ್ತು ಸರಿಯಲಿಲ್ಲ. "ಊಂ ಕಣಪ್ಪ, ಮೆರವಣಿಗೇನೇ. ನಿಧಾನಕ್ ಬಾ" ಎಂದು ನಡೆದರು.

ಹಿಂದಿರುಗುವ ರೈಲಿನಲ್ಲಿ ಅವರು ನನ್ನ ಪಕ್ಕದಲ್ಲೇ ಕುಳಿತರು. ರೈಲು ಹೊಸೂರು ರಸ್ತೆಯ ಮೇಲೆ ಬಂದು, ಕೆಳಗೆ ಕಾರುಗಳು ಅಂಗುಲಂಗುಲ ತೆವಳುವುದು ಕಾಣತೊಡಗಿದಾಗ ಮೆಲ್ಲಗೆ, "ಇನ್ನೊಂದ್ಸಲ ಕರಿ" ಎಂದರು. ಏನೆಂದು ಕೇಳಿದೆ, ಕೇಳಿಸಿತ್ತು, ಆದರೂ ಕೇಳಿದೆ. "ಓನರ್ ಅಂತಾರೆ, ಅಂಕಲ್ ಅಂತಾರೆ, ನೀನು ರೀ ಅಂತೀಯಾ. ನಮ್ಮವ್ವ ತೀರ್ಕೊಂಡ್ಮೇಲೆ ಆ ಎಸ್ರು ಯಾರ ಬಾಯಾಗೂ ಇಲ್ಲ ಕಣೇ. ಅವ್ವನೇ ಕೂಗಿದ್ಲು ಅಂದ್ಕೊಂಡೆ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು. ಜನ ಇದ್ದಾರೆ ಸುಮ್ಮನಿರಿ ಎಂದೆ, ಬೇರೇನೂ ಹೊಳೆಯಲಿಲ್ಲ.

ಆದ್ದರಿಂದ, ಮಾನ್ಯರೇ, ದೂರು ಕೊಡಲು ಕುಳಿತವಳು ಈಗ ತಮ್ಮಲ್ಲಿ ಕೆಲವು ಅರಿಕೆಗಳನ್ನು ಮಾಡಿಕೊಳ್ಳುತ್ತಿದ್ದೇನೆ. ದಯವಿಟ್ಟು ಸರಿಹೋಗಬೇಡಿ. ಸಿಮೆಂಟು ಕಲಸಿಕೊಂಡು ಯಾರಾದರೂ ತಮ್ಮತ್ತ ಬಂದರೆ ಒಂದು ಸ್ಕೂಟರನ್ನು ಮೇಲೆಳೆದುಕೊಂಡು ಅಡಗಿಬಿಡಿ. ಎಷ್ಟೋ ವರ್ಷದಿಂದ ಹೇಗೂ ಯಾರ ಕಣ್ಣಿಗೂ ಬೀಳದೆ ಬದುಕಿದ್ದೀರಿ, ಇದೇನು ತಮಗೆ ಕಷ್ಟವಲ್ಲ. ತಮ್ಮ ಅಲ್ಲಾಟವನ್ನು ಕೊಂಚ ವಿವೇಚನೆಯಿಂದ ಬಳಸಿ, ಬಸುರಿಯರು, ವಯಸ್ಸಾದವರು, ಶಾಲೆಯ ಮಕ್ಕಳು ಬಂದಾಗ ಮೈ ಗಟ್ಟಿಮಾಡಿ ಮಲಗಿ. ಮುಂದೊಂದು ಬೆನ್ನು ಹೋದಮೇಲೆ ಹಿಂದೊಂದು ಸೀರೆ ಬಂದರೆ ಮಾತ್ರ ತಮ್ಮ ಧರ್ಮ ತಾವು ಮಾಡಿ, ಮೂಳೆ ಮುರಿಯದಷ್ಟು ಸಾಕು. ಸಾಧ್ಯವಾದರೆ ಸಿಂಗಸಂದ್ರದ ನಮ್ಮ ಗೇಟಿನ ಮುಂದೆ ತಮ್ಮದೊಂದು ಶಾಖೆ ತೆರೆಯಬೇಕೆಂದು ಕೋರುತ್ತೇನೆ. ಇಲ್ಲಿಯ ಫುಟ್‌ಪಾತಿಗೆ ಹೊಸ ಟೈಲ್ಸ್ ಹಾಕಿ ಕನ್ನಡಿಯ ಹಾಗೆ ಸಪಾಟು ಮಾಡಿದ್ದಾರೆ, ಇಂಥ ಕಡೆ ಸಂಸಾರಸ್ಥರು ಏನು ಮಾಡಬೇಕು ಹೇಳಿ. ಅಂಜಿನಮ್ಮನವರಿಗೆ ನನ್ನ ನಮಸ್ಕಾರ ತಿಳಿಸುವುದು.

ಒಂದು ಕಾಲನ್ನು ತಮ್ಮೊಳಗಿಟ್ಟು ನಂಬಿಕೆ ಕಲಿತ,
ತಮ್ಮ ವಿಶ್ವಾಸಿ,
ವನಜಾ

ಮರೆತ ಮಾತು: ನನ್ನ ಎಡಗಾಲಿನ ಚಪ್ಪಲಿಯನ್ನು ತಾವೇ ಇಟ್ಟುಕೊಳ್ಳಿ, ವಾಪಸು ಕಳಿಸುವ ತೊಂದರೆ ಬೇಡ, ಯಾವ ಇಲಾಖೆಯ ಮೂಲಕ ಕಳಿಸಬೇಕೆಂದು ವಿಚಾರಿಸುವುದರೊಳಗೆ ನನ್ನ ಕಾಲೇ ಸವೆದಿರುತ್ತದೆ. ಇನ್ನು ಯಜಮಾನರು ಬದಲಾಗಿದ್ದಾರೆಂದು ತಾವು ಬೀಗಬೇಡಿ. ಈಗಲೂ ಅವರು ಮುಂದೆಯೇ ನಡೆಯುವುದು, ಬದು ಅಷ್ಟು ಸುಲಭಕ್ಕೆ ಕಾಲು ಬಿಡುವುದಿಲ್ಲ. ಆದರೆ ರಸ್ತೆಯ ತಿರುವು ಬಂದ ಕೂಡಲೇ ನಿಲ್ಲುತ್ತಾರೆ. ತಿರುಗಿ ನೋಡುವುದಿಲ್ಲ, ಚಪ್ಪಲಿಗೆ ಕಲ್ಲು ಸಿಕ್ಕಿತೆಂಬ ನೆಪದಲ್ಲಿ ಕಾಲು ಕೊಡವುತ್ತ, ಕಿವಿಯನ್ನು ಹಿಂದಕ್ಕಿಟ್ಟುಕೊಂಡು, ನಾನು ಕರೆಯಲೆಂದು ಕಾಯುತ್ತಾರೆ. ಇದನ್ನು ಬರೆಯುವ ಹೊತ್ತಿಗೂ ತರಕಾರಿ ಚೀಲ ಹಿಡಿದು ಗೇಟಿನ ಹತ್ತಿರ ಹಾಗೆಯೇ ನಿಂತಿದ್ದಾರೆ, ಆ ಮಚ್ಚೆ ಇಲ್ಲಿಂದಲೇ ಕಾಣುತ್ತಿದೆ. ಕರೆಯುತ್ತೇನೆ. ಸ್ವಲ್ಪ ನಿಲ್ಲಲಿ, ನಾನೂ ಬಹಳ ದಿನ ಹಿಂದೆ ನಡೆದಿದ್ದೇನೆ.